ಉರಿಯುವ ಐಸಿನ ಮಾವ

ನಮ್ಮ ಮಾವನ ಮನೆಗೆ ಹೋಗಿ ಕಾಫಿ ಕುಡಿಯದೆ ಹಿಂದಿರುಗಿದವರು ಇದ್ದಾರೆ. ಸಮುದ್ರದ ತಳ ಮುಟ್ಟದೆ ಹಿಂದಿರುಗಿದವರು ಮಾತ್ರ ಒಬ್ಬರೂ ಇಲ್ಲ! ಉತ್ಪ್ರೇಕ್ಷೆ ಎನ್ನುತ್ತೀರಾ? ಹಾಗಾದರೆ ನೀವಿನ್ನೂ ಆ ಮನೆಯ ಮೆಟ್ಟಿಲು ಹತ್ತಿಲ್ಲ ಎಂದಾಯಿತು. ಲಗ್ನಪತ್ರಿಕೆ ಕೊಡಲು ಬಂದವರು, ಕರೆಂಟಿನ ಮೀಟರ್ ಓದಲು ಬಂದವರು, ವಿಳಾಸ ತಪ್ಪಿ ಬಾಗಿಲು ತಟ್ಟಿದವರು, ಯಾರೇ ಆಗಲಿ, ಹತ್ತು ನಿಮಿಷದೊಳಗೆ ಗೋವಿಂದರಾಜನಗರದ ಆ ಮೊದಲನೇ ಮಹಡಿಯಿಂದ ನೇರವಾಗಿ ಬಂಗಾಳ ಕೊಲ್ಲಿಯ ಕೆಸರಿಗೆ ಇಳಿದುಬಿಡುತ್ತಿದ್ದರು. ಅಲ್ಲಿಂದ ಅವರನ್ನು ಮೇಲೆತ್ತುವ ಕೆಲಸ ಅತ್ತೆಯದು.

"ಸಾಕು ಸುಮ್ನಿರ್ರೀ. ಪಾಪ ಅವರಿಗೆ ಇನ್ನೂ ನಾಲ್ಕು ಮನೆ ಇದೆ," ಎಂದು ಅತ್ತೆ ಅಡುಗೆಮನೆಯಿಂದಲೇ ಕೂಗುತ್ತಿದ್ದರು.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಚಿತ್ರದುರ್ಗದಿಂದ ಬಿ.ಎಸ್ಸಿ. ಓದಲು ಬಂದ ನಾನು ಮೂರು ವರ್ಷ ಅವರ ಮನೆಯಲ್ಲೇ ಇದ್ದೆ. ಆಮೇಲೆ ಬಿ.ಎಡ್. ಎಂದು ಇನ್ನಷ್ಟು ಕಾಲ ಇದ್ದೆ. ಅವರಿಗೆ ಮಕ್ಕಳಿರಲಿಲ್ಲ, ಹಾಗಾಗಿ ನಾನು ಇನ್ನೂ ಹತ್ತು ವರ್ಷ ಓದಿದ್ದರೂ ಅವರಿಗೆ ಬೇಸರವಾಗುತ್ತಿರಲಿಲ್ಲ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್, ಬಾಯಲ್ಲಿ ಎಂದೂ ಮುಗಿಯದ ಮಾತು: ಇಷ್ಟು ಹೇಳಿದರೆ ಮಾವನ ವರ್ಣನೆ ಮುಗಿಯಿತು.

ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅವರು ಫಿಟ್ಟರ್. ಅಲ್ಲಿ ಭಾರಿ ಒತ್ತಡ ತಡೆಯುವ ವಾಲ್ವುಗಳನ್ನು ತಯಾರಿಸುತ್ತಿದ್ದರು. ವಾಲ್ವಿಗೆ ಕಿವಿ ಹಚ್ಚಿ, "ಇದು ಸೋರುತ್ತೆ" ಎಂದರೆ ಸೋರುತ್ತಿತ್ತು. "ಸೋರಲ್ಲ" ಎಂದರೆ ಸೋರುತ್ತಿರಲಿಲ್ಲ. ಆ ಕಿವಿಯ ಖ್ಯಾತಿ ಅದು ಹೇಗೋ ದೂರ ಹಬ್ಬಿ, ಒಂದು ದಿನ ಅವರಿಗೆ ಸಮುದ್ರದಿಂದಲೇ ಕರೆ ಬಂತು! ಸಮುದ್ರದ ತಳವನ್ನು ಕೊರೆದು ಮಣ್ಣಿನ ಮಾದರಿ ತೆಗೆಯುವ ಹಡಗೊಂದಿತ್ತು. ಕೆಳಗಿನ ಒತ್ತಡ ಒಂದಿಷ್ಟೂ ಕಡಿಮೆಯಾಗದಂತೆ ಆ ಮಾದರಿಯನ್ನು ಉಕ್ಕಿನ ಕೊಳವೆಯೊಂದರಲ್ಲಿ ಮುಚ್ಚಿ ಮೇಲೆ ತರಬೇಕಿತ್ತು. ಆ ಕೊಳವೆಯ ವಾಲ್ವುಗಳು ಕಾಮಾಕ್ಷಿಪಾಳ್ಯದವು. ಅವುಗಳನ್ನು ನೋಡಿಕೊಳ್ಳಲು ಒಬ್ಬರು ಬೇಕು ಎಂದಾಗ ವರ್ಕ್‌ಶಾಪಿನ ಯಜಮಾನರು ಮಾವನ ಕಡೆ ಬೆರಳು ತೋರಿಸಿದರು.

ನೆನಪಿರಲಿ, ಮಾವ ಅಲ್ಲಿಯವರೆಗೆ ನೋಡಿದ್ದ ಅತಿ ದೊಡ್ಡ ನೀರು ಎಂದರೆ ಮಲ್ಲತ್ತಹಳ್ಳಿ ಕೆರೆ. ಅದರಲ್ಲೂ ಅರ್ಧ ಜೊಂಡು!

ಹೋಗುವ ವಾರ ಮನೆಯಲ್ಲಿ ಯುದ್ಧಕ್ಕೆ ಹೊರಟಂಥ ಸಿದ್ಧತೆ. ಅತ್ತೆ ಖಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿದರು. ಮಾವ ಸೂಟ್‌ಕೇಸಿನಲ್ಲಿ ಎರಡು ಸ್ಪ್ಯಾನರ್, ಒಂದು ಲಿಂಗಪೂಜೆಯ ವಸ್ತ್ರ, ಒಂದು ಛತ್ರಿ ಇಟ್ಟುಕೊಂಡರು.

"ಸಮುದ್ರಕ್ಕೆ ಛತ್ರಿ ಯಾಕ್ರೀ?"

"ನೀರಿರೋ ಕಡೆ ಹೋಗ್ತಿದೀನಿ ಕಣೇ!"

ಕೆಲವು ವಾರಗಳ ಬಳಿಕ ಅವರು ಹಿಂದಿರುಗಿದಾಗ ಗುರುತೇ ಸಿಗದಷ್ಟು ಕಪ್ಪಾಗಿದ್ದರು. ಛತ್ರಿ ಬಿಚ್ಚಿರಲಿಲ್ಲ. ಅವರನ್ನು ನೋಡಲು ಓಣಿಯ ಅರ್ಧ ಜನ ಬಂದಿದ್ದರು. ಮೀನು ಹೇಗಿತ್ತು, ತಿಮಿಂಗಿಲ ಕಂಡಿತೇ, ವಾಂತಿಯಾಯಿತೇ ಎಂದು ಕೇಳಬೇಕೆಂದಿದ್ದವರಿಗೆಲ್ಲ ಮಾವ ಹೇಳಿದ್ದು ಒಂದೇ ಮಾತು.

"ನಾನು ಉರಿಯೋ ಐಸ್ ನೋಡ್ಬಂದೆ."

ಕೆಳಗಿನ ಮನೆಯ ಬಟ್ಟೆ ವ್ಯಾಪಾರಿ ಬಹಳ ಅಕ್ಕರೆಯಿಂದ, ಧ್ವನಿ ತಗ್ಗಿಸಿ ಕೇಳಿದರು: "ಹಡಗಲ್ಲಿ ಏನಾದ್ರೂ ಕುಡಿಸಿದ್ರಾ ಸಾರ್?"

ಹಣೆಯ ವಿಭೂತಿಯ ಮೂರು ಗೆರೆಯೂ ಒಂದಾಗುವಂತೆ ಮಾವ ಹುಬ್ಬು ಗಂಟಿಕ್ಕಿದರು. ಅಲ್ಲಿಂದ ಶುರುವಾಯಿತು ನೋಡಿ ವ್ಯಾಖ್ಯಾನ! ಸಮುದ್ರದ ತಳದ ಕೆಸರಿನಲ್ಲಿ ಒಂದು ಬಗೆಯ ಐಸ್ ಇದೆ. ಅಲ್ಲಿ ಚಳಿ ಹೆಚ್ಚು, ಮೇಲಿನ ನೀರಿನ ಭಾರವೂ ಹೆಚ್ಚು. ಹಾಗಾಗಿ ನೀರಿನ ಕಣಗಳು ಪಂಜರದಂತೆ ಹೆಣೆದುಕೊಂಡು ಮೀಥೇನ್ ಅನಿಲವನ್ನು ಒಳಗೆ ಕೂಡಿಹಾಕಿವೆ. ಮೇಲೆ ತಂದು ಕಡ್ಡಿ ಗೀರಿದರೆ ಐಸ್ ಹತ್ತಿ ಉರಿಯುತ್ತದೆ, ಕೆಳಗೆ ನೀರು ತೊಟ್ಟಿಕ್ಕುತ್ತದೆ. ಒಂದು ಲೋಟ ಐಸಿನಿಂದ ನೂರೈವತ್ತು ಲೋಟಕ್ಕೂ ಹೆಚ್ಚು ಗ್ಯಾಸು!

"ನನ್ನ ಅಂಗೈ ಮೇಲೇ ಉರೀತು," ಎಂದು ಮಾವ ಬಲಗೈ ಚಾಚಿದರು. ಬಂದವರೆಲ್ಲ ಬಗ್ಗಿ ಅಂಗೈ ನೋಡಿದರು. ಅಲ್ಲಿ ಸ್ಪ್ಯಾನರ್ ಹಿಡಿದು ಬಂದ ಗಂಟುಗಳಲ್ಲದೆ ಬೇರೇನೂ ಇರಲಿಲ್ಲ.

"ಸುಟ್ಟ ಗಾಯ ಎಲ್ಲಿ ಸಾರ್?"

"ಅದೇ ವಿಶೇಷ! ಮೇಲೆ ಬೆಂಕಿ, ಕೆಳಗೆ ತಣ್ಣಗೆ!"

"ಸಾಕು ಸುಮ್ನಿರ್ರೀ, ಬಂದೋರಿಗೆ ಕಾಫಿ ತರ್ತೀನಿ," ಎಂದು ಅತ್ತೆ ನಡುವೆ ಬಂದರು. ಬಟ್ಟೆ ವ್ಯಾಪಾರಿ ಕಾಫಿ ಕುಡಿದು ಹೋದರು, ನಂಬಲಿಲ್ಲ. ಮರುದಿನದಿಂದ ಓಣಿಯಲ್ಲಿ ಮಾವನಿಗೆ "ಐಸ್ ಅಂಕಲ್" ಎಂಬ ಹೆಸರು ಬಿತ್ತು. ಬೇಸಿಗೆಯಲ್ಲಿ ಹೊಸದಾಗಿ ಬಾಡಿಗೆಗೆ ಬಂದ ಒಂದಿಬ್ಬರು ಕ್ಯಾಂಡಿ ಸಿಗುತ್ತದೆಯೇ ಎಂದು ಮನೆಯವರೆಗೆ ಬಂದದ್ದೂ ಉಂಟು.

ಐಸ್ ಉರಿಯುತ್ತದೆ ಎನ್ನುವುದು ಮಾವನ ಕಥೆಯ ಅರ್ಧ ಮಾತ್ರ. ಉಳಿದ ಅರ್ಧ, ಅದನ್ನು ಹೊರತೆಗೆಯುವುದು ಹೇಗೆ ಎಂಬುದು. ಆ ಅರ್ಧ ಅವರ ನಿಜವಾದ ಪ್ರೀತಿ. "ಕಲ್ಲಿದ್ದಲಿನ ಥರ ಅಗೆದು ತರೋಕಾಗಲ್ಲ ಕಣೇ ಪುಟ್ಟಿ. ಅದು ಇರೋ ಕಡೇನೇ ಬಿಡಿಸಬೇಕು. ಒತ್ತಡ ಇಳಿಸಬೇಕು, ಸ್ವಲ್ಪ ಬಿಸಿ ಕೊಡಬೇಕು. ಎರಡೇ ಕೆಲಸ!" ಎನ್ನುತ್ತಿದ್ದರು. ಎರಡೇ ಕೆಲಸ ಎಂದವರು ಅದನ್ನು ವಿವರಿಸಲು ಎರಡು ಗಂಟೆ ತೆಗೆದುಕೊಳ್ಳುತ್ತಿದ್ದರು.

ನನಗೆ ಅದು ಅರ್ಥವಾಗಲಿಲ್ಲ ಎಂದು ಒಂದು ಭಾನುವಾರ ಮಾಗಡಿ ರಸ್ತೆಯ ಗೋಲಿ ಸೋಡಾ ಅಂಗಡಿಗೆ ಕರೆದುಕೊಂಡು ಹೋದರು. ಗೋಲಿಯನ್ನು ಒತ್ತಿ 'ಟಪ್' ಎನ್ನಿಸಿದರು. ಗುಳ್ಳೆಗಳು ಉಕ್ಕಿ ಬಂದವು.

"ನೋಡಿದ್ಯಾ? ಒತ್ತಡ ಇಳೀತು, ಗ್ಯಾಸ್ ಹೊರಗೆ ಬಂತು. ಅಲ್ಲಿ ಬಾವಿ ಕೊರೆದು ಒಳಗಿನ ನೀರನ್ನ ಪಂಪ್ ಮಾಡಿ ಮೇಲೆ ಎಳೀತಾರೆ. ಬಾವೀಲಿ ನೀರಿನ ಭಾರ ಇಳೀತು ಅಂದ್ರೆ ಪಂಜರ ಸಡಿಲ. ಕುಡಿ."

ಕುಡಿದೆ. ಎರಡನೆಯ ಬಾಟಲಿಯನ್ನು ಬಿಸಿಲಿನಲ್ಲಿಟ್ಟು ಬೆಚ್ಚಗೆ ಮಾಡಿ ತೆರೆದರು. ಈ ಸಲ ಗುಳ್ಳೆ ನೊರೆನೊರೆಯಾಗಿ ಅವರ ಬಿಳಿ ಷರ್ಟಿನ ಮೇಲೆ ಬಂತು. "ಬಿಸಿ ಕೊಟ್ರೆ ಇನ್ನೂ ಜೋರು! ಕುಡಿ." ಕುಡಿದೆ. ಮೂರನೆಯದನ್ನು ನಿಧಾನವಾಗಿ, ನಾಲ್ಕನೆಯದನ್ನು ಅತಿ ನಿಧಾನವಾಗಿ ತೆರೆದು ತೋರಿಸಿದರು. "ಆತುರ ಪಟ್ರೆ ಕೆಟ್ಟೋಯ್ತು ಅಂತ ತಿಳ್ಕೋ. ಒಂದೇ ಸಲ ಬಿಟ್ರೆ ತಳ ಕುಸಿಯುತ್ತೆ, ಗ್ಯಾಸೆಲ್ಲ ಗಾಳಿಗೆ ಸೇರಿ ಭೂಮೀನೇ ಬಿಸಿಯಾಗುತ್ತೆ. ಅದಕ್ಕೇ ಜಗತ್ತಲ್ಲಿ ಇನ್ನೂ ಪರೀಕ್ಷೆ ಮಾಡ್ತಾನೇ ಇದಾರೆ. ಅರ್ಥ ಆಯ್ತಾ?"

ಅರ್ಥವಾಯಿತು ಎನ್ನಲು ಬಾಯಿ ತೆರೆದೆ. ಮಾತಿನ ಬದಲು ಮಾಗಡಿ ರಸ್ತೆಯ ಬಸ್ ನಿಲ್ದಾಣದವರೆಗೂ ಕೇಳುವಂಥ ತೇಗು ಬಂತು. ಅಂಗಡಿಯವನು ಚಪ್ಪಾಳೆ ತಟ್ಟಿ, "ಸಾರ್, ನಿಮ್ಮ ಬಾವೀಲಿ ಗ್ಯಾಸ್ ಬಂತು!" ಎಂದ.

ಮಾವನಿಗೆ ಎಂದಾದರೂ ಜಯ ಸಿಕ್ಕಿತೇ ಎಂದು ಕೇಳುತ್ತೀರಾ? ಒಮ್ಮೆ ಸಿಕ್ಕಿತು. ಬಸವೇಶ್ವರನಗರದಲ್ಲಿ ನೆಂಟರ ಗೃಹಪ್ರವೇಶ. ಹಿತ್ತಲಿನಲ್ಲಿ ದೊಡ್ಡ ಒಲೆಯ ಮೇಲೆ ಹೋಳಿಗೆ ಬೇಯುತ್ತಿತ್ತು, ಪಂಕ್ತಿಯಲ್ಲಿ ಎಲೆ ಹಾಕಿಯಾಗಿತ್ತು. ಅಷ್ಟರಲ್ಲಿ ಒಲೆಯ ಉರಿ ಸಣ್ಣಗಾಯಿತು. ಸಿಲಿಂಡರ್ ಇನ್ನೂ ಭಾರವಾಗಿತ್ತು, ಒಳಗೆ ಗ್ಯಾಸಿತ್ತು, ಉರಿ ಮಾತ್ರ ಇಲ್ಲ! ಅಡುಗೆ ಭಟ್ಟರು ಸಿಲಿಂಡರನ್ನು ಅಲುಗಾಡಿಸಿದರು, ಬೈದರು, ಕೊನೆಗೆ ಕೈಮುಗಿದರು. ಮನೆಯ ಯಜಮಾನರ ಮುಖ ಸಪ್ಪಗಾಯಿತು.

ಮಾವ ಹೋಗಿ ಸಿಲಿಂಡರಿನ ಮೈ ಮುಟ್ಟಿದರು. ಹೊರಗೆಲ್ಲ ತೆಳ್ಳಗೆ ಹಿಮ ಕಟ್ಟಿತ್ತು.

"ಗ್ಯಾಸ್ ಜೋರಾಗಿ ಎಳೀತಿದೀರಿ. ಒಳಗಿನ ದ್ರವ ಆವಿಯಾಗುವಾಗ ತನ್ನ ಬಿಸೀನೇ ತಾನು ಕಳ್ಕೊಳ್ಳುತ್ತೆ. ತಣ್ಣಗಾಗಿ ಕೂತಿದೆ, ಬರಲ್ಲ ಅಂತಿದೆ. ಒಂದು ಟಬ್ಬಲ್ಲಿ ಉಗುರುಬೆಚ್ಚಗಿನ ನೀರು ತನ್ನಿ. ಕುದಿಯೋ ನೀರಲ್ಲ, ಉಗುರುಬೆಚ್ಚಗೆ!"

ನೀರು ಬಂತು. ಟಬ್ಬಿನಲ್ಲಿ ಸಿಲಿಂಡರನ್ನು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಉರಿ ಮತ್ತೆ ನೀಲಿಯಾಗಿ ಎದ್ದಿತು! ನೆರೆದವರು ಹೋ ಎಂದರು. ಯಜಮಾನರು ಮಾವನ ಕೈ ಹಿಡಿದುಕೊಂಡರು. ಭಟ್ಟರು, "ನೀವು ದೇವ್ರು ಬಂದಂಗೆ ಬಂದ್ರಿ ಸ್ವಾಮಿ," ಎಂದರು.

ಅಲ್ಲಿಗೆ ನಿಲ್ಲಿಸಬಹುದಿತ್ತಲ್ಲವೇ? ನಿಲ್ಲಿಸಿದರೆ ಅವರು ನಮ್ಮ ಮಾವ ಹೇಗಾದಾರು! "ಇದೇ ನೋಡಿ ಭಟ್ರೇ, ಸಮುದ್ರದ ತಳದಲ್ಲೂ ಹೀಗೇ ಆಗುತ್ತೆ. ಒತ್ತಡ ಇಳಿಸಿದ್ರೆ ಮಾತ್ರ ಸಾಲದು, ಆ ಐಸ್ ಒಡೀವಾಗ ಸುತ್ತ ತಣ್ಣಗಾಗಿಬಿಡುತ್ತೆ, ಮತ್ತೆ ಹೆಪ್ಪುಗಟ್ಟುತ್ತೆ..." ಎಂದು ಭಟ್ಟರನ್ನು ಕೈಹಿಡಿದು ಬಂಗಾಳ ಕೊಲ್ಲಿಗೆ ಕರೆದೊಯ್ದರು. ಭಟ್ಟರೂ ಋಣ ತೀರಿಸುವವರಂತೆ ಸವುಟು ಕೆಳಗಿಟ್ಟು ಕೇಳತೊಡಗಿದರು. ಅವರಿಬ್ಬರೂ ಮೇಲೆ ಬರುವಷ್ಟರಲ್ಲಿ ಕಾವಲಿಯ ಮೇಲಿನ ಹೋಳಿಗೆ ಇದ್ದಿಲಾಗಿತ್ತು. ಐಸ್ ಉರಿಯುವುದನ್ನು ಅಂದು ಯಾರೂ ನೋಡಲಿಲ್ಲ. ಹೋಳಿಗೆ ಉರಿಯುವುದನ್ನು ಎಲ್ಲರೂ ನೋಡಿದರು.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನದ್ದು ಇನ್ನೊಂದು ಕಥೆ. ಅಮ್ಮ ದುರ್ಗದಿಂದ ಬಂದವಳೇ ತಮ್ಮನಿಗೆ ಪ್ರಮಾಣ ಮಾಡಿಸಿದ್ದಳು: "ಇವತ್ತೊಂದಿನ ಐಸ್ ತೆಗೀಬೇಡ ಕಣೋ. ನಿನ್ನ ಕಾಲಿಗೆ ಬೀಳ್ತೀನಿ."

"ಛೆ, ನಂಗಷ್ಟೂ ಗೊತ್ತಾಗಲ್ವೇನಕ್ಕ?"

ಮಾವ ಮಾತು ಉಳಿಸಿಕೊಂಡರು. ಹತ್ತು ನಿಮಿಷ ಉಳಿಸಿಕೊಂಡರು! ಆಮೇಲೆ ಗಂಡಿನ ತಂದೆ, ರಾಜಾಜಿನಗರದ ನಿವೃತ್ತ ಗುಮಾಸ್ತರು, ಸುಮ್ಮನೆ ಕೂರಲಾರದೆ, "ಈ ಸಲ ಚಳಿ ಸ್ವಲ್ಪ ಜಾಸ್ತಿ, ಅಲ್ವಾ?" ಎಂದರು. ಚಳಿ! ಮಾವನ ಕಣ್ಣು ಮಿನುಗಿದ್ದನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ಅಮ್ಮ ಹಣೆ ಹಿಡಿದುಕೊಂಡಳು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಬರುವ ಹೊತ್ತಿಗೆ ಗಂಡಿನ ಕಡೆಯ ಐದು ಜನರೂ ಸಮುದ್ರದ ತಳದಲ್ಲಿದ್ದರು. ನನ್ನ ಕಡೆ ನೋಡಲು ಯಾರಿಗೂ ಬಿಡುವಿರಲಿಲ್ಲ.

ಆಗ ಮೂಲೆಯಲ್ಲಿ ಕುಳಿತಿದ್ದ ಗಂಡು ಮೊದಲ ಬಾರಿಗೆ ಬಾಯಿ ತೆರೆದ.

"ಅಂಕಲ್, ಒಂದ್ ಡೌಟು. ಆ ಐಸ್ ಕರಗಿದ ಮೇಲೆ ಅಲ್ಲಿನ ಮರಳು ಸಡಿಲ ಆಗುತ್ತಲ್ಲ. ಗ್ಯಾಸ್ ಜೊತೆ ಮರಳೂ ಬಂದು ಬಾವಿ ಕಟ್ಕೊಳ್ಳಲ್ವಾ?"

ಇಷ್ಟು ವರ್ಷದಲ್ಲಿ ಮಾವನನ್ನು ತಡೆದವರಿದ್ದರು, ತಪ್ಪಿಸಿಕೊಂಡವರಿದ್ದರು, ತೂಕಡಿಸಿದವರಂತೂ ಬೇಕಾದಷ್ಟಿದ್ದರು. ಬಾವಿಯ ಬಗ್ಗೆ ಪ್ರಶ್ನೆ ಕೇಳಿದವರು ಇವರೇ ಮೊದಲು! ಮಾವ ಎದ್ದು ನಿಂತರು. "ಕಟ್ಕೊಳ್ಳುತ್ತೆ! ಖಂಡಿತ ಕಟ್ಕೊಳ್ಳುತ್ತೆ! ಅದೇ ದೊಡ್ಡ ತಲೆನೋವು!" ಎನ್ನುತ್ತ ಅಮ್ಮನ ಕಡೆ ತಿರುಗಿ, ಹುಡುಗಿಯನ್ನಾಗಲೀ ಹುಡುಗನನ್ನಾಗಲೀ ಒಂದು ಮಾತೂ ಕೇಳದೆ, "ಅಕ್ಕಾ, ಲಗ್ನ ಇಟ್ಕೋ," ಎಂದರು.

ಆ ಮರಳಿನ ಪ್ರಶ್ನೆ ಕೇಳಿದವರು ಈಗ ನಮ್ಮ ಮನೆಯಲ್ಲೇ ಇದ್ದಾರೆ. ಮದುವೆಯಾದ ಮೇಲೆ ವಿಚಾರಿಸಿದೆ. "ನಿನ್ನ ಕಡೆ ನೋಡೋಕೆ ಭಯ ಆಗ್ತಿತ್ತು. ಏನಾದ್ರೂ ಕೇಳ್ಬೇಕಲ್ಲ ಅಂತ ಕೇಳ್ದೆ," ಎಂದರು.

ಹೀಗೆ ವರ್ಷಗಳು ಸರಿದವು. "ಇನ್ನು ಹತ್ತು ವರ್ಷ ಕಣೇ, ನಮ್ಮ ಸಮುದ್ರದಿಂದ್ಲೇ ನಮ್ಮ ಒಲೆಗೆ ಗ್ಯಾಸು," ಎಂದು ಮಾವ ಪ್ರತಿ ವರ್ಷವೂ ಹೇಳುತ್ತಿದ್ದರು. ಆ ಹತ್ತು ಎಂದೂ ಒಂಬತ್ತಾಗಲಿಲ್ಲ. ನಾನು ಕಾಮಾಕ್ಷಿಪಾಳ್ಯದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರಾದೆ. ವಿಜಯನಗರದ ಮೇಲೆ ಮೆಟ್ರೊ ಓಡತೊಡಗಿತು. ಮಾವ ನಿವೃತ್ತರಾಗಿ ಮಲ್ಲತ್ತಹಳ್ಳಿಯ ಕಡೆ ಮನೆ ಮಾಡಿದರು. ಗೋವಿಂದರಾಜನಗರದ ಆ ಮಹಡಿ ಮನೆಯ ಮುಂದೆ ಈಗಲೂ ಹಾದುಹೋಗುತ್ತೇನೆ. ಬಾಲ್ಕನಿಗೆ ಯಾರೋ ಗಾಜು ಹಾಕಿಸಿದ್ದಾರೆ. ಸಂಜೆ ಅಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು, ನಾನು ನೋಟ್ಸ್ ಬರೆಯುತ್ತಿದ್ದೆ, ಮಾವ ಗ್ರೀಸ್ ವಾಸನೆಯ ಷರ್ಟಿನಲ್ಲೇ ನಿಂತು ಗಾಳಿಯಲ್ಲಿ ಬಾವಿ ಕೊರೆಯುತ್ತಿದ್ದರು. ಆಗ "ಅಯ್ಯೋ, ಯಾವಾಗ ಮುಗಿಯುತ್ತಪ್ಪಾ" ಎನ್ನಿಸುತ್ತಿತ್ತು. ಮುಗಿದೇಬಿಟ್ಟಿತಲ್ಲ ಎಂದು ಈಗ ಅನ್ನಿಸುತ್ತದೆ.

ಮುಗಿಯಿತು ಎಂದದ್ದು ಬರೀ ಬಾಯಿಮಾತಿಗಲ್ಲ. ಕಳೆದ ವರ್ಷ ಮಾವನ ದನಿ ಒಡೆಯಿತು. ಮೊದಲು ಗೊಗ್ಗರು, ಆಮೇಲೆ ಬರೀ ಗಾಳಿ. ಡಾಕ್ಟರು ಗಂಟಲಿನೊಳಗೆ ಕ್ಯಾಮೆರಾ ಬಿಟ್ಟು ನೋಡಿ, ಧ್ವನಿತಂತುವಿನ ಮೇಲೆ ಸಣ್ಣ ಗಂಟೊಂದು ಬೆಳೆದಿದೆ, ಭಯಪಡುವಂಥದ್ದಲ್ಲ, ತೆಗೆದುಬಿಡೋಣ ಎಂದರು. ತೆಗೆದರು. ಬಳಿಕ ಕಟ್ಟಪ್ಪಣೆ: "ಒಂದು ತಿಂಗಳು ಮಾತು ಬೇಡ. ಪಿಸುಮಾತೂ ಬೇಡ. ಇದಕ್ಕೆ ಮುಂಚೆ ತುಂಬಾ ಮಾತಾಡ್ತಿದ್ರಾ?"

ಅತ್ತೆ, ನಾನು, ನನ್ನ ಗಂಡ, ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಮಾವನಿಗೆ ಒಂದು ಸ್ಲೇಟು ತಂದುಕೊಟ್ಟೆವು. ಸ್ಲೇಟಿನಲ್ಲಿ "ಉಪ್ಪು ಕಮ್ಮಿ" ಎಂದು ಬರೆಯಬಹುದು. ಸಮುದ್ರ ಹಿಡಿಸಲು ಆಗುತ್ತದೆಯೇ? ಹಡಗು ಬರೆಯುವಷ್ಟರಲ್ಲಿ ಅರ್ಧ ಮುಗಿಯುತ್ತಿತ್ತು. ನೀರು ಬರೆದರೆ ಪೂರ್ತಿ ಮುಗಿಯುತ್ತಿತ್ತು. ತಳಕ್ಕೆ ಹೋಗಬೇಕೆಂದರೆ ಹಡಗನ್ನು ಅಳಿಸಬೇಕು. ಅಷ್ಟು ಹೊತ್ತಿಗೆ ನೋಡುತ್ತಿದ್ದವರು ಎದ್ದು ಹೋಗಿರುತ್ತಿದ್ದರು. ಅತ್ತೆಯಾದರೂ ನೆಮ್ಮದಿಯಾಗಿದ್ದಾರೆ ಎಂದುಕೊಂಡು ಒಂದು ದಿನ ಹೋದರೆ, ಮನೆಯಲ್ಲಿ ಟಿವಿ ಜೋರಾಗಿ ಕೂಗುತ್ತಿತ್ತು, ಮುಂದೆ ಯಾರೂ ಇರಲಿಲ್ಲ. ಅತ್ತೆ ಅಡುಗೆಮನೆಯಲ್ಲಿದ್ದರು.

"ಯಾರೂ ನೋಡ್ತಿಲ್ವಲ್ಲ ಅತ್ತೆ, ಆರಿಸ್ಲಾ?"

"ಇರ್ಲಿ ಬಿಡೇ. ಮನೇಲಿ ಏನಾದ್ರೂ ಒಂದು ಮಾತಾಡ್ತಿರ್ಬೇಕು," ಎಂದು ಅತ್ತೆ ಒಗ್ಗರಣೆಯ ಕಡೆ ತಿರುಗಿಕೊಂಡರು.

ಈ ನಡುವೆ ನಾನೊಂದು ಎಡವಟ್ಟು ಮಾಡಿದ್ದೆ. ಗಂಟಲಿನ ಸಂಗತಿ ತಿಳಿಯುವ ಮೊದಲೇ, ಶಾಲೆಯ ವಿಜ್ಞಾನ ದಿನಕ್ಕೆ ಮಾವನನ್ನು ಮಾತಾಡಲು ಕರೆದುಬಿಟ್ಟಿದ್ದೆ. ಜನರನ್ನು ಅವರಾಗಿಯೇ ಹಿಡಿದು ಕೂರಿಸುತ್ತಿದ್ದರೇ ಹೊರತು, ಅವರ ಮಾತು ಕೇಳಬೇಕೆಂದು ಕರೆದವರು ಅದುವರೆಗೆ ಒಬ್ಬರೂ ಇರಲಿಲ್ಲ! ಕರೆಯೋಲೆಯನ್ನು ಅವರು ದೇವರ ಫೋಟೊದ ಪಕ್ಕ ಇಟ್ಟಿದ್ದರಂತೆ. ಮುಂದಕ್ಕೆ ಹಾಕೋಣ ಎಂದು ಫೋನ್ ಮಾಡಿದೆ. ಎತ್ತಿದವರು ಅತ್ತೆ.

"ಮುಂದಕ್ಕೆ ಯಾಕೆ ಹಾಕ್ತೀಯ? ಅವರು ಆಗ್ಲೇ ಷರ್ಟ್ ಇಸ್ತ್ರಿ ಮಾಡಿಸಿದಾರೆ."

"ಮಾತಾಡೋ ಹಾಗಿಲ್ವಲ್ಲ ಅತ್ತೆ?"

"ನಾನ್ ಹೇಳ್ತೀನಿ," ಎಂದರು ಅತ್ತೆ.

ಅತ್ತೆ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮಾವ ಬಾಯಿ ತೆರೆದರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದವರು. ಮಕ್ಕಳ ಮುಂದೆ ಏನು ಹೇಳಿಯಾರು?

ಆ ದಿನ ಇಬ್ಬರೂ ಆಟೊದಲ್ಲಿ ಬಂದಿಳಿದರು. ಮಾವ ಗರಿಗರಿ ಬಿಳಿ ಷರ್ಟಿನಲ್ಲಿ ಕುರ್ಚಿಯ ಮೇಲೆ ನೆಟ್ಟಗೆ ಕುಳಿತರು. ಅತ್ತೆ ಸೆರಗು ಹೊದ್ದು, ಮೇಜಿನ ಅಂಚು ಹಿಡಿದು ನಿಂತರು.

"ಮಕ್ಕಳೇ, ನಂಗೆ ವಿಜ್ಞಾನ ಬರಲ್ಲ. ಇವರು ಹೇಳಿದ್ದು ಹೇಳ್ತೀನಿ," ಎಂದು ಶುರುಮಾಡಿದರು. "ಸಮುದ್ರದ ತಳದಲ್ಲಿ ಒಂದ್ ಥರ ಐಸ್ ಇದೆ. ಇಡ್ಲಿ ಪಾತ್ರೆ ಮೇಲೆ ರುಬ್ಬುಗುಂಡು ಇಟ್ಟಂಗೆ ಅದರ ಮೇಲೆ ನೀರಿನ ಭಾರ..."

ನಾನು ಬಾಯಿ ತೆರೆದವಳು ಮುಚ್ಚಲಿಲ್ಲ. ಪಂಜರ ಬಂತು. ಬಾವಿ ಬಂತು. ನೀರೆಳೆದರೆ ಭಾರ ಇಳಿಯುವುದು, ಐಸ್ ಒಡೆಯುವಾಗ ಸುತ್ತಲಿನ ಬಿಸಿ ಹೀರಿಕೊಂಡು ಮತ್ತೆ ಹೆಪ್ಪುಗಟ್ಟುವುದು, ಅದಕ್ಕೆ ಮೇಲಿಂದ ಬಿಸಿನೀರು ಬಿಟ್ಟು ಬೆಚ್ಚಗಿಡುವುದು, ಮರಳು ಬರದಂತೆ ಜರಡಿ ಕಟ್ಟುವುದು, ಆತುರಪಟ್ಟರೆ ಗಾಳಿ ಕೆಡುವುದು: ಒಂದೂ ತಪ್ಪಲಿಲ್ಲ, ಒಂದೂ ಹಿಂದುಮುಂದಾಗಲಿಲ್ಲ! ನನ್ನ ಬಿ.ಎಸ್ಸಿ. ತಲೆಗೆ ನಾಲ್ಕು ಸೋಡಾ ಕುಡಿದ ಮೇಲೆ ಹತ್ತಿದ್ದನ್ನು ಅತ್ತೆ ಒಗ್ಗರಣೆ ಹಾಕುತ್ತಲೇ ಕಲಿತಿದ್ದರು. ಗಾಳಿಯಲ್ಲಿ ಬಾವಿ ಕೊರೆಯುವಾಗ ಅವರ ಕೈ ಕೂಡ ಮಾವನ ಕೈಯಂತೆಯೇ ತಿರುಗುತ್ತಿತ್ತು. ಮಾವ ಮಕ್ಕಳನ್ನು ನೋಡುತ್ತಿರಲಿಲ್ಲ, ಕತ್ತೆತ್ತಿ ಹೆಂಡತಿಯನ್ನೇ ನೋಡುತ್ತಿದ್ದರು.

ಮುಗಿಯಿತು. ಚಪ್ಪಾಳೆ ಬಿತ್ತು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಅಜ್ಜಿ, ತಾತ ಆ ಐಸ್ ಉರಿಯೋದನ್ನ ನಿಜವಾಗ್ಲೂ ನೋಡಿದ್ರಾ?"

"ನೋಡಿದಾರೆ," ಎಂದರು ಅತ್ತೆ ಥಟ್ಟನೆ. "ಅಂಗೈ ಮೇಲೇ ಇಟ್ಕೊಂಡಿದ್ರು."

ಮಾವ ಕುರ್ಚಿಯಿಂದ ಎದ್ದರು. ಬೋರ್ಡಿನ ಹತ್ತಿರ ಹೋಗಿ ಸೀಮೆಸುಣ್ಣ ಎತ್ತಿಕೊಂಡರು. ಇಷ್ಟು ದಿನ ಸ್ಲೇಟಿನಲ್ಲಿ ಇಕ್ಕಟ್ಟಾಗಿ ಬರೆಯುತ್ತಿದ್ದವರು ದೊಡ್ಡ ಅಕ್ಷರದಲ್ಲಿ, ನಿಧಾನವಾಗಿ ಬರೆದರು:

"ಇಲ್ಲ. ನಾನು ನೋಡಿಲ್ಲ. ಅದರ ಒಂದು ಚೂರು ಮೇಲೆ ಹಡಗಿನ ಡೆಕ್ಕಿನಲ್ಲಿ ಉರಿಯಿತು. ನಾನು ಕೆಳಗಿದ್ದೆ. ಇನ್ನೊಂದು ಮಾದರಿಯ ಕೊಳವೆಯ ವಾಲ್ವ್ ಸೋರುತ್ತಿತ್ತು, ಹಿಡಿದುಕೊಂಡಿದ್ದೆ. ಕೈಬಿಟ್ಟಿದ್ದರೆ ಮಾದರಿ ಹಾಳಾಗುತ್ತಿತ್ತು. ಮೇಲೆ ಹೋಗುವಷ್ಟರಲ್ಲಿ ತಟ್ಟೆಯಲ್ಲಿ ನೀರು ಮಾತ್ರ ಇತ್ತು."

ಅಷ್ಟು ಬರೆದು, ನಮ್ಮ ಕಡೆ ಬೆನ್ನು ಮಾಡಿ ಹಾಗೆಯೇ ನಿಂತರು. ಇಷ್ಟು ವರ್ಷ ಓಣಿಗೆಲ್ಲ ಚಾಚಿ ತೋರಿಸಿದ್ದ ಆ ಅಂಗೈಯ ಮೇಲೆ ಏನೂ ಉರಿದಿರಲಿಲ್ಲ. ನನಗೆ ಎಲ್ಲಿ ನೋಡಬೇಕೆಂದೇ ತೋಚಲಿಲ್ಲ.

ಅತ್ತೆಗೆ ಮಾತ್ರ ಆಶ್ಚರ್ಯವಾಗಿರಲಿಲ್ಲ.

"ಗೊತ್ತು ಮಕ್ಕಳೇ," ಎಂದರು ಮೆಲ್ಲಗೆ. "ಹಡಗಿಂದ ಬಂದ ದಿನವೇ ನಂಗೊಬ್ಬಳಿಗೆ ಹೇಳಿದ್ರು. ನೋಡಿಲ್ಲ ಅಂದ್ರೆ ಯಾರೂ ನಂಬಲ್ಲ ಅಂತ ಹೊರಗೆ ನೋಡ್ದೆ ಅಂತಿದ್ರು. ನಾನೂ ಹ್ಞೂಂ ಅಂತಿದ್ದೆ." ಆಮೇಲೆ ಸೆರಗು ಸರಿಮಾಡಿಕೊಂಡು, ದನಿ ಎತ್ತಿ ಹೇಳಿದರು: "ಆದ್ರೆ ಒಂದ್ ಮಾತು. ಅವತ್ತು ನೋಡೋಕೆ ಹಡಗಿನ ಜನ ಅಷ್ಟೂ ಇದ್ರು. ಹಿಡ್ಕೊಳ್ಳೋಕೆ ಇವರೊಬ್ಬರೇ ಇದ್ದದ್ದು. ಮೇಲೆ ಉರಿದದ್ದು ಉರಿದು ಹೋಯ್ತು. ಇವರು ಹಿಡಿದದ್ದು ಉಳೀತು."

ಪ್ರಶ್ನೆ ಕೇಳಿದ ಹುಡುಗಿ ಕುಳಿತುಕೊಳ್ಳುವುದನ್ನೇ ಮರೆತು ನಿಂತಿದ್ದಳು. ಗಂಟೆ ಹೊಡೆಯಿತು. ಮುಂದಿನ ಪಿರಿಯಡ್ಡಿನ ಗಣಿತದ ಮೇಷ್ಟ್ರು ಒಳಗೆ ಬಂದು, ಬೋರ್ಡನ್ನು ಒಮ್ಮೆ ಓದಿ, ಎತ್ತಿದ ಡಸ್ಟರನ್ನು ಕೆಳಗಿಟ್ಟು, ಮೂಲೆಯಲ್ಲಿ ಉಳಿದಿದ್ದ ಜಾಗದಲ್ಲಿ ಸಣ್ಣಗೆ ಲೆಕ್ಕ ಬರೆಯತೊಡಗಿದರು.

ಗೇಟಿನವರೆಗೆ ಅವರಿಬ್ಬರ ಹಿಂದೆ ನಡೆದೆ. ಆಟೊ ಹತ್ತುವ ಮೊದಲು ಅತ್ತೆ ಮಾವನ ಬಲಗೈ ಎಳೆದುಕೊಂಡು, ಬೆರಳಿಗೆ ಹತ್ತಿದ್ದ ಸೀಮೆಸುಣ್ಣವನ್ನು ಸೆರಗಿನಿಂದ ಒಂದೊಂದಾಗಿ ಒರೆಸಿದರು. ಮಾವ ಬಗ್ಗಿ, ಡಾಕ್ಟರು ಬೇಡವೆಂದಿದ್ದ ಪಿಸುದನಿಯಲ್ಲಿ ಹೇಳಿದರು:

"ಎಲ್ಲಾ ಕೇಳ್ತಿದ್ಯೇನೇ?"

"ಮಾತಾಡ್ಬೇಡಿ ಅಂತ ಡಾಕ್ಟ್ರು ಹೇಳಿಲ್ವಾ!" ಎಂದು ಅತ್ತೆ ಗದರಿದರು. ಗದರಿದವರ ಕಣ್ಣು ತುಂಬಿ ಕೆನ್ನೆಗೆ ಇಳಿಯಿತು. ಒರೆಸಿಕೊಳ್ಳಲು ಸೆರಗು ಎತ್ತಿದರೆ ಅದರ ತುಂಬ ಸುಣ್ಣ. ಬಿಳಿಯ ಗೆರೆ ಮೂಡಿದ ಕೆನ್ನೆಯಲ್ಲೇ ಅವರು ಆಟೊ ಹತ್ತಿದರು. ಮಾವ ಪಕ್ಕದಲ್ಲಿ ಕುಳಿತು, ಒಂದೂ ಮಾತಾಡದೆ, ಆ ಗೆರೆಯನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದರು.